ಸ್ಯಾಕ್ಸೊಫೋನಿಗೆ ಕೊಬ್ಬರಿ ಎಣ್ಣೆ

ಬೊಂಬಾಯಿ
೧೨ ಜೂನ್ ೧೯೭೯

ತಮ್ಮ ತಿಮ್ಮನಿಗೆ,

ನಾನು ಕ್ಷೇಮ ಅಂತ ಬರೆದರೆ ಅರ್ಧ ಸುಳ್ಳಾಗುತ್ತದೆ. ನೀನಾದರೂ ಚೆನ್ನಾಗಿದ್ದೀಯ ಅಂದುಕೊಂಡು ಮುಂದಕ್ಕೆ ಬರೆಯುತ್ತೇನೆ.

ಹೋದ ತಿಂಗಳ ಕೊನೆಗೆ ನಮ್ಮ ಹೋಟೆಲಿನಲ್ಲಿ ಬ್ಯಾಂಡು ನಿಲ್ಲಿಸಿದರು. ಈಗ ರೆಕಾರ್ಡು ಹಾಕುತ್ತಾರೆ. ಗಾಜಿನ ಗೂಡಿನಲ್ಲಿ ಒಬ್ಬ ಕೂತು ತಟ್ಟೆ ತಿರುಗಿಸುತ್ತಾನೆ, ಜನ ಕುಣಿಯುತ್ತಾರೆ. ತಟ್ಟೆಗೆ ಕೆಮ್ಮು ಬರುವುದಿಲ್ಲ, ಅದು ಮ್ಯಾನೇಜರ ಜೊತೆ ಜಗಳ ಆಡುವುದಿಲ್ಲ. ಮ್ಯಾನೇಜರು ಒಳ್ಳೆಯವನೇ. ನಮ್ಮನ್ನೆಲ್ಲ ಕೂರಿಸಿ ಕಾಫಿ ತರಿಸಿ ವಿಷಯ ಹೇಳಿದ. ಪಿಯಾನೊ ನುಡಿಸುವ ಫರ್ನಾಂಡಿಸ್ ಕಾಫಿ ಮುಟ್ಟದೆ ಎದ್ದು ಹೋದ. ಅವನ ಕಾಫಿಯನ್ನೂ ನಾನೇ ಕುಡಿದೆ.

ಕೆಮ್ಮು ಅಂದೆನಲ್ಲ, ಅದು ನನಗೇ. ಡಾಕ್ಟರು ಎದೆಯ ಫೋಟೊ ತೆಗೆಸಿ ನೋಡಿ, ಆರು ತಿಂಗಳು ವಾದ್ಯ ಮುಟ್ಟಬೇಡಿ ಎಂದಿದ್ದಾರೆ. ಮುಟ್ಟದೆ ಇರುವುದು ಹೇಗೆ? ಇರುವುದು ಒಂದೇ ಕೋಣೆ. ಮಂಚದ ಕೆಳಗೆ ಅದು, ಮೇಲೆ ನಾನು. ನಿನ್ನ ಅತ್ತಿಗೆ ಮೇರಿ ಬದುಕಿದ್ದರೆ ಎಲ್ಲಾದರೂ ಬಚ್ಚಿಡುತ್ತಿದ್ದಳು. ಅವಳು ಹೋದ ಮೇಲೆ ನನ್ನ ಕೈ ತಡೆಯುವವರಿಲ್ಲ. ಅದಕ್ಕೇ, ಕುಡುಕನಿಂದ ಸೀಸೆ ಕಿತ್ತು ಬೇರೆಯವರ ಮನೆಯಲ್ಲಿಡುವ ಹಾಗೆ, ಅದನ್ನು ನಿನ್ನಲ್ಲಿಗೆ ಕಳಿಸುತ್ತಿದ್ದೇನೆ. ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಬರುವ ಲಾರಿ ಕೆಂಪಯ್ಯ ಇಲ್ಲಿ ಸಿಕ್ಕಿದ್ದ. ವಾಪಸು ಬರುವಾಗ ತಂದುಕೊಡುತ್ತಾನೆ.

ಕಪ್ಪು ಪೆಟ್ಟಿಗೆ, ಒಳಗೆ ಸ್ಯಾಕ್ಸೊಫೋನು. ಇಷ್ಟು ವರ್ಷ ಅದು ನನಗೆ ಅನ್ನ ಹಾಕಿದೆ. ಎದೆ ಸರಿಹೋದ ಮೇಲೆ, ಸಂಕ್ರಾಂತಿಯ ಹೊತ್ತಿಗೆ ಊರಿಗೆ ಬಂದು ನಿನ್ನ ಮುಂದೆ ಕೂತು ಊದುತ್ತೇನೆ. ಯಾರು ಯಾರೋ ಕೇಳಿದರು, ನೀನು ಮಾತ್ರ ಕೇಳಲಿಲ್ಲ. ನೀನು ಒಂದು ಸಲ ಕೇಳಿಬಿಟ್ಟರೆ ನನಗೆ ಸಾಕು ಕಣೋ.

ನಿನ್ನ ಅಣ್ಣ,
ಶ್ರೀರಂಗಯ್ಯ


ದಂಡಿನಶಿವರ
೩ ಜುಲೈ ೧೯೭೯

ಅಣ್ಣನಿಗೆ ತಿಮ್ಮನ ನಮಸ್ಕಾರ.

ಪೆಟ್ಟಿಗೆ ಬಂತು. ಕೆಂಪಯ್ಯ ಅದನ್ನು ಖಾಲಿ ಗೋಣಿಚೀಲಗಳ ನಡುವೆ ಮಲಗಿಸಿ, ತನ್ನ ಕಂಬಳಿ ಹೊದಿಸಿ ತಂದಿದ್ದ. "ಬಾಣಂತಿ ಕರ್ಕೊಂಬಂದಂಗೆ ತಂದಿವ್ನಿ ಕಣಣ್ಣೋ, ಎಲ್ಲೂ ಎತ್ತಾಕಿಲ್ಲ" ಅಂದ. ನಮ್ಮ ರಂಗಮ್ಮ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು ಒಳಗೆ ತಂದಳು. ಮುಚ್ಚಳ ತೆಗೆದಾಗ ಬೀದಿಯವರೆಲ್ಲ ಜಗಲಿಯ ಮೇಲಿದ್ದರು. ಮೈಯೆಲ್ಲ ಚಿನ್ನದ ಬಣ್ಣ, ತುಂಬ ಮುಚ್ಚಳಗಳು, ಕಡ್ಡಿಗಳು. ಎದುರು ಮನೆಯ ದೊಡ್ಡಣ್ಣ, "ನಿಮ್ಮಣ್ಣಂಗೆ ಬೆರಳು ಎಷ್ಟವೆಯಲಾ?" ಅಂತ ಕೇಳಿದ. ನಾನು ಗಂಭೀರವಾಗಿ ತಲೆ ಆಡಿಸಿದೆ.

ಅಪ್ಪನ ನಾಗಸ್ವರದ ಪಕ್ಕದಲ್ಲೇ ಇಟ್ಟಿದ್ದೇನೆ. ಅದನ್ನು ಹೇಗೆ ನೋಡಿಕೊಳ್ಳುತ್ತೇನೋ ಇದನ್ನೂ ಹಾಗೇ ನೋಡಿಕೊಳ್ಳುತ್ತೇನೆ. ನೀನು ಎದೆಯ ಚಿಂತೆ ಮಾಡು, ವಾದ್ಯದ ಚಿಂತೆ ನನಗೆ ಬಿಡು. ಮಗಳು ಪುಟ್ಟಲಕ್ಷ್ಮಿಗೆ ತಿಪಟೂರಿನ ಶಾಲೆಯಲ್ಲಿ ಕೆಲಸ ಆಗಿದೆ. ಅಲ್ಲೇ ಒಂದು ಮನೆಯಲ್ಲಿ ಇದ್ದುಕೊಂಡು ರಜಕ್ಕೆ ಬರುತ್ತಾಳೆ.

ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನೀನು ಮನೆ ಬಿಟ್ಟಾಗ ನಾನಿನ್ನೂ ಡೋಲಿನ ಹಿಂದೆ ನಿದ್ದೆ ಮಾಡುತ್ತಿದ್ದ ಹುಡುಗ. ಅಪ್ಪ ಸಾಯುವ ತನಕ, "ದೊಡ್ಡೋನು ಅಲ್ಲೋಗಿ ಏನ್ ಊದ್ತಾನೋ, ಯಾರ್ ಮದ್ವೇಲಿ ಊದ್ತಾನೋ" ಅನ್ನುತ್ತಿದ್ದ. ನೀನು ಹಬ್ಬಕ್ಕೆ ಬಟ್ಟೆ ಕಳಿಸಿದೆ, ಕಾಗದ ಹಾಕಿದೆ, ಏನು ಊದುತ್ತೀಯ ಅಂತ ಮಾತ್ರ ಬರೆಯಲಿಲ್ಲ. ನಾನೂ ವಾಲಗದವನೇ. ಬರೆದಿದ್ದರೆ ತಿಳಿಯುತ್ತಿತ್ತು.

ಸಣ್ಣತಿಮ್ಮಯ್ಯ


ಬೊಂಬಾಯಿ
೨೨ ಜುಲೈ ೧೯೭೯

ತಿಮ್ಮ,

ಚುಚ್ಚಿ ಬರೆದಿದ್ದೀಯ. ಚುಚ್ಚಿದ್ದು ಸರಿಯಾದ ಜಾಗಕ್ಕೇ ಬಿತ್ತು. ಇಲ್ಲಿ ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿದೆ, ಹೊರಗೆ ಹೋಗುವ ಹಾಗಿಲ್ಲ. ಆದ್ದರಿಂದ ಎಲ್ಲ ಬರೆಯುತ್ತೇನೆ.

ಮನೆ ಬಿಟ್ಟವನು ಬೆಂಗಳೂರು ದಂಡಿನ ಬ್ಯಾಂಡಿಗೆ ಸೇರಿದೆ. ಅಲ್ಲಿನ ಡಿಸಿಲ್ವ ಮೇಷ್ಟ್ರು ನಾನು ನಾಗಸ್ವರ ಊದಿದ್ದನ್ನು ಕೇಳಿ, "ಉಸಿರು ಇದೆ, ಉಳಿದದ್ದು ನಾನು ಕೊಡ್ತೀನಿ" ಅಂದರು. ಅವರು ಕಾಗದದ ಮೇಲಿನ ಸಂಗೀತ ಓದುವುದನ್ನು ಕಲಿಸಿದರು. ಯುದ್ಧದ ಕಾಲಕ್ಕೆ ಕಲಕತ್ತೆಗೆ ಹೋದೆ. ಆ ಊರಿನ ತುಂಬ ಸಿಪಾಯಿಗಳು, ಎಲ್ಲ ಹೋಟೆಲಿನಲ್ಲೂ ಬ್ಯಾಂಡು. ಅಲ್ಲಿ ಅಮೆರಿಕದ ಸೈನ್ಯದ ಕಪ್ಪು ಸಿಪಾಯಿ ಒಬ್ಬ ಸಿಕ್ಕಿದ, ವಾಲ್ಟರ್ ಅಂತ. ಜಾಸ್ ಅನ್ನುವ ಸಂಗೀತವನ್ನು ನನಗೆ ಕೊಟ್ಟವನು ಅವನೇ.

ಅದು ನಿನಗೆ ಕಷ್ಟವಾಗುವುದಿಲ್ಲ. ಮೊದಲು ಎಲ್ಲರೂ ಸೇರಿ ಹಾಡನ್ನು ಒಂದು ಸಲ ನುಡಿಸುತ್ತೇವೆ, ನೀನು ಪಲ್ಲವಿ ಹಿಡಿದ ಹಾಗೆ. ಆಮೇಲೆ ಒಬ್ಬೊಬ್ಬರೇ ಅದನ್ನು ತಮ್ಮ ಮನಸ್ಸಿಗೆ ಬಂದಂತೆ ಬೆಳೆಸುತ್ತಾರೆ. ಉಳಿದವರು ತಾಳ ಬಿಡದೆ ಕಾಯುತ್ತಾರೆ. ಬರೆದದ್ದು ಏನೂ ಇರುವುದಿಲ್ಲ. ಇವತ್ತು ಊದಿದ್ದು ನಾಳೆ ಬರುವುದಿಲ್ಲ. ಒಂದು ದಿನ ವಾಲ್ಟರ್ ನನ್ನನ್ನು ಪಕ್ಕಕ್ಕೆ ಕರೆದು, "ನೀನು ನನ್ನನ್ನೇ ಊದುತ್ತಿದ್ದೀಯ, ನಿಮ್ಮ ಮನೆಯಲ್ಲಿ ಊದುವವರು ಯಾರೂ ಇಲ್ಲವೇ?" ಅಂತ ಕೇಳಿದ. ಮಾರನೆಯ ದಿನ ನನ್ನ ಸರದಿ ಬಂದಾಗ, ಅಪ್ಪ ಬೆಳಗಿನ ಪೂಜೆಗೆ ಊದುತ್ತಿದ್ದ ಭೂಪಾಳವಿತ್ತಲ್ಲ, ಅದರ ಮೊದಲ ಎಳೆತವನ್ನು ನಡುವೆ ಸೇರಿಸಿದೆ. ವಾಲ್ಟರ್ ಕೂತ ಕಡೆಯಿಂದ ಎದ್ದು ನಿಂತ. ಅವತ್ತಿನಿಂದ ನಾನು ಅದನ್ನು ಬಿಡಲಿಲ್ಲ. ಕಲಕತ್ತೆಯಲ್ಲಿ, ಬೊಂಬಾಯಿಯಲ್ಲಿ, ಉಂಡವರು ಕುಡಿದವರು ಕುಣಿದವರ ಮುಂದೆ, ದಿನಕ್ಕೊಂದು ಸಲ ಎಲ್ಲಾದರೂ ಅಪ್ಪನನ್ನು ನುಗ್ಗಿಸುತ್ತಿದ್ದೆ. ಒಬ್ಬರಿಗೂ ಗೊತ್ತಾಗಲಿಲ್ಲ. ಚೆನ್ನಾಗಿದೆ ಅನ್ನುತ್ತಿದ್ದರು, ಅಷ್ಟೇ. ನೀನು ಕೇಳಿದ್ದರೆ ಒಂದೇ ಏಟಿಗೆ ಹಿಡಿಯುತ್ತಿದ್ದೆ.

ದೊಡ್ಡ ಮನುಷ್ಯನಾದೆ ಅಂದುಕೊಳ್ಳಬೇಡ. ನನ್ನದೊಂದು ರೆಕಾರ್ಡಿಲ್ಲ. ಸಿನಿಮಾ ಹಾಡುಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಊದಿದ್ದೇನೆ, ಯಾವುದು ನಾನು ಅಂತ ನನಗೇ ತಿಳಿಯುವುದಿಲ್ಲ. ಹೋಟೆಲಿನ ಹಲಗೆಯ ಮೇಲೆ ನನ್ನ ಹೆಸರೂ ಇರಲಿಲ್ಲ. ಶ್ರೀರಂಗಯ್ಯ ಅಂತ ಹೇಳಲು ಗಿರಾಕಿಗಳಿಗೆ ನಾಲಿಗೆ ತಿರುಗುವುದಿಲ್ಲ ಅಂತ 'ಲ್ಯಾರಿ' ಮಾಡಿದರು. ಬೊಂಬಾಯಿಯಲ್ಲಿ ಸತ್ತರೆ ಲ್ಯಾರಿ ಸಾಯುತ್ತಾನೆ.

ಈಗ ನನ್ನ ಸರದಿ, ನಾನೂ ಕೇಳುತ್ತೇನೆ. ಅರವತ್ತೊಂದರಲ್ಲಿ ನಮ್ಮ ಬ್ಯಾಂಡು ಬೆಂಗಳೂರಿಗೆ ಬಂದಿತ್ತು. ನಿನಗೆ ಕಾಗದ ಹಾಕಿದ್ದೆ. ಸ್ಟೇಜಿನ ಹತ್ತಿರ ಒಂದು ಕುರ್ಚಿ ಹಿಡಿದಿಟ್ಟಿದ್ದೆ. ಯಾರು ಕೂರಲು ಬಂದರೂ ನಮ್ಮ ತಮ್ಮ ಬರುತ್ತಾನೆ ಅಂತ ಎಬ್ಬಿಸಿದೆ. ದೇವಸ್ಥಾನದಲ್ಲಿ ಊದುವವನಿಗೆ ಹೋಟೆಲಿನಲ್ಲಿ ಊದುವವನ ಮುಖ ನೋಡಲು ನಾಚಿಕೆಯೇನೋ ಅಂದುಕೊಂಡು ಸುಮ್ಮನಾದೆ. ಯಾಕೆ ಬರಲಿಲ್ಲ ತಿಮ್ಮ?

ಶ್ರೀರಂಗಯ್ಯ


ದಂಡಿನಶಿವರ
೨೦ ಸೆಪ್ಟೆಂಬರ್ ೧೯೭೯

ಅಣ್ಣನಿಗೆ,

ಉತ್ತರ ಬರೆಯಲು ಕೂತು ಕೂತು ಎದ್ದೆ. ಅದಕ್ಕೇ ಇಷ್ಟು ತಡ.

ನಾನು ಬಂದಿದ್ದೆ.

ದೇವಸ್ಥಾನದಲ್ಲಿ ಹೊದಿಸಿದ್ದ ಶಾಲು ಹೊದ್ದು, ಜರಿ ಪಂಚೆ ಉಟ್ಟು, ರಂಗಮ್ಮ ಕಟ್ಟಿಕೊಟ್ಟ ಚಕ್ಕುಲಿ ಗಂಟು ಹಿಡಿದು ಬಂದಿದ್ದೆ. ಬಾಗಿಲಲ್ಲಿ ರುಮಾಲು ಕಟ್ಟಿದ್ದ ಆಳು ನನ್ನ ಕಾಲು ನೋಡಿದ. "ಬೂಟ್ಸಿಲ್ದೆ ಬಿಡಂಗಿಲ್ಲ ಯಜಮಾನ" ಅಂದ. "ಒಳಗೆ ನಮ್ಮಣ್ಣ ಅವ್ನೆ ಕಣಪ್ಪ, ಊದೋರು" ಅಂದೆ. "ಏನೆಸ್ರು?" "ಶ್ರೀರಂಗಯ್ಯ." ಅವನು ಹೋಗಿ ಹಲಗೆ ಓದಿಕೊಂಡು ಬಂದು, "ಆ ಹೆಸರ್ನೋರು ಯಾರೂ ಇಲ್ಲ, ಬೇರೆ ಕಡೆ ನೋಡ್ಹೋಗಿ" ಅಂದ. ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ಇಷ್ಟು ವರ್ಷ ಅವನನ್ನು ಬೈದುಕೊಂಡಿದ್ದೆ. ಲ್ಯಾರಿ ಅಂತ ನನಗೇನು ಗೊತ್ತು?

ಹಿಂದುಗಡೆ ಅಡಿಗೆ ಮನೆಯ ಗೋಡೆ ಇತ್ತು. ಅಲ್ಲಿ ನಿಂತುಕೊಂಡೆ. ಒಳಗಿಂದ ವಾದ್ಯಗಳು ಕೇಳುತ್ತಿದ್ದವು. ಆದರೆ ತಟ್ಟೆ ತೊಳೆಯುವವರ ಗಲಾಟೆ. ಯಾವುದು ನಿನ್ನದು, ಯಾವುದು ಬೇರೆಯವರದು ಅಂತ ತಿಳಿಯಲಿಲ್ಲ. ಅಪ್ಪನ ಭೂಪಾಳ ಬಂದಿತ್ತೋ ಏನೋ, ನನ್ನ ಕಿವಿಗೆ ಬೀಳಲಿಲ್ಲ. ಚಕ್ಕುಲಿಯನ್ನು ಪಾತ್ರೆ ತೊಳೆಯುವ ಹೆಂಗಸಿಗೆ ಕೊಟ್ಟು ರೈಲು ಹತ್ತಿದೆ. ಬಾಗಿಲಲ್ಲೇ ತಳ್ಳಿದರು ಅಂತ ನಿನಗೆ ಹೇಗೆ ಬರೆಯಲಿ? ನೀನು ಅಲ್ಲಿ ಕೆಲಸ ಮಾಡುವವನು, ನಿನಗೆ ಅವಮಾನ. ಅದಕ್ಕೇ ಬರೆಯಲಿಲ್ಲ. ನಾಚಿಕೆ ನಿನ್ನ ಮೇಲಲ್ಲ ಅಣ್ಣ.

ಈಗ ಆ ಮಾತು ಸಾಕು. ಸಂಕ್ರಾಂತಿಗೆ ನೀನು ಬಂದರೆ ಬಾಗಿಲು ಕಾಯುವವರು ಯಾರೂ ಇಲ್ಲ. ತೋಟದಲ್ಲಿ ಕೂತು ನಿನ್ನ ಸರದಿ ಬರುವ ತನಕ ಕಾಯುತ್ತೇನೆ.

ನಿನ್ನ ವಾದ್ಯ ಚೆನ್ನಾಗಿದೆ. ಬಂದಾಗ ತುಂಬ ಒಣಗಿಹೋಗಿತ್ತು. ಮುಚ್ಚಳದ ಅಡಿಯ ಚರ್ಮವೆಲ್ಲ ಸುಕ್ಕು. ಬೊಂಬಾಯಿಯಲ್ಲಿ ಯಾರು ನೋಡುತ್ತಾರೆ, ಪಾಪ. ಪ್ರತಿ ಶುಕ್ರವಾರ ಅಪ್ಪನ ನಾಗಸ್ವರಕ್ಕೆ ಎಣ್ಣೆ ಕುಡಿಸುವಾಗ ಇದಕ್ಕೂ ಕುಡಿಸುತ್ತಿದ್ದೇನೆ. ನಮ್ಮ ತೋಟದ ಕೊಬ್ಬರಿ, ಗಾಣದಲ್ಲಿ ಎದುರಿಗೆ ನಿಂತು ಆಡಿಸಿದ ಎಣ್ಣೆ. ಒಳಗೂ ಹೊರಗೂ ಬಟ್ಟೆಯಲ್ಲಿ ಸವರಿ, ಒಂದೊಂದು ಮುಚ್ಚಳಕ್ಕೂ ಹೂವಿನ ಎಸಳಿಂದ ಬಿಡುತ್ತೇನೆ. ಈಗ ಚರ್ಮ ಮೆತ್ತಗಾಗಿದೆ. ನೀನು ಬರುವ ಹೊತ್ತಿಗೆ ಎಳೆಗರುವಿನ ಹಾಗೆ ಕೂಗುತ್ತದೆ ನೋಡು.

ಸಣ್ಣತಿಮ್ಮಯ್ಯ


ಬೊಂಬಾಯಿ
೧ ಅಕ್ಟೋಬರ್ ೧೯೭೯

ಪುಟ್ಟಲಕ್ಷ್ಮಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದ.

ನಿನ್ನ ಶಾಲೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇದನ್ನು ಮನೆಗೆ ಒಯ್ಯಬೇಡ.

ನಿಮ್ಮಪ್ಪ ನನ್ನ ವಾದ್ಯಕ್ಕೆ ವಾರವಾರ ಎಣ್ಣೆ ಹಾಕುತ್ತಿದ್ದಾನಂತೆ. ನಾಗಸ್ವರ ಮರದ್ದು, ಅದಕ್ಕೆ ಎಣ್ಣೆ ಬೇಕು. ಇದು ಹಿತ್ತಾಳೆ. ಇದರ ಮುಚ್ಚಳಗಳ ಅಡಿಯಲ್ಲಿ ಚರ್ಮದ ಬಿಲ್ಲೆಗಳಿವೆ. ಅವು ಒಣಗಿ ಚಪ್ಪಟೆಯಾಗಿದ್ದರೇ ತೂತು ಬಿಗಿಯಾಗಿ ಮುಚ್ಚುವುದು. ಎಣ್ಣೆ ಕುಡಿದರೆ ಉಬ್ಬುತ್ತವೆ, ಕೊಳೆಯುತ್ತವೆ, ಉಸಿರು ಸೋರುತ್ತದೆ. ದೀಪಾವಳಿಗೆ ಊರಿಗೆ ಹೋದಾಗ, ಅವನಿಲ್ಲದ ಹೊತ್ತಿನಲ್ಲಿ ಪೆಟ್ಟಿಗೆ ತೆಗೆದು ನೋಡಿ ನನಗೆ ಬರೆ. ಹೆಚ್ಚೇನೂ ಆಗಿರಲಾರದು. ಅವನಿಗೆ ಏನೂ ಹೇಳಬೇಡ.

ದೊಡ್ಡಪ್ಪ


ತಿಪಟೂರು
೨೫ ಅಕ್ಟೋಬರ್ ೧೯೭೯

ದೊಡ್ಡಪ್ಪನವರಿಗೆ ಪುಟ್ಟಲಕ್ಷ್ಮಿಯ ನಮಸ್ಕಾರಗಳು.

ಅಪ್ಪ ಪೂಜೆಗೆ ಊದಲು ಹೋಗಿದ್ದಾಗ ತೆಗೆದು ನೋಡಿದೆ. ಹೇಗೆ ಬರೆಯಬೇಕೋ ಗೊತ್ತಾಗುತ್ತಿಲ್ಲ. ಪೆಟ್ಟಿಗೆಯ ಬಟ್ಟೆಯೆಲ್ಲ ಎಣ್ಣೆ. ಮುಚ್ಚಳಗಳು ಅಂಟಿಕೊಂಡಿವೆ, ಒತ್ತಿದರೆ ಕೂರುತ್ತವೆ, ಏಳುವುದಿಲ್ಲ. ಒಂದನ್ನು ಎಬ್ಬಿಸಿ ನೋಡಿದರೆ ಚರ್ಮ ಉಬ್ಬಿ ಒಡೆದಿತ್ತು. ಮುಗ್ಗಲು ವಾಸನೆ. ಊದುವ ಕಡೆ ಹಾಕುವ ಬಿದಿರ ಪಟ್ಟಿಯನ್ನು ನಾಗಸ್ವರದ ಬಾಯಿಗೆ ಸಿಕ್ಕಿಸುವ ಸೀವಾಳಿಯ ಹಾಗೆ ಹಾಲಿನಲ್ಲಿ ಕುದಿಸಿ ಒಣಗಿಸಿದ್ದಾರೆ.

ನೋಡಿ ಮುಚ್ಚುವಷ್ಟರಲ್ಲಿ ಅಪ್ಪ ಬಂದುಬಿಟ್ಟರು. ಬೈಯಲಿಲ್ಲ. "ನೋಡವ್ವ ನೋಡು, ಎಂಗೆ ಪಳಪಳ ಅಂತದೆ. ನಿಮ್ದೊಡ್ಡಪ್ಪ ಬಂದು ಊದ್ಲಿ, ನಿಂಗೂ ರಜ ಹಾಕುಸ್ತೀನಿ" ಅಂದರು. ಪೆಟ್ಟಿಗೆ ಮುಚ್ಚಿ ಅಜ್ಜನ ನಾಗಸ್ವರದ ಪಕ್ಕದಲ್ಲಿಟ್ಟೆ. ನಾನು ಹೇಳಲೇ ದೊಡ್ಡಪ್ಪ? ಎಣ್ಣೆ ನಿಲ್ಲಿಸಿದರೆ ಸರಿಹೋಗುತ್ತದೆಯೇ?

ಪುಟ್ಟಲಕ್ಷ್ಮಿ


ಬೊಂಬಾಯಿ
೧೮ ನವೆಂಬರ್ ೧೯೭೯

ಪುಟ್ಟಲಕ್ಷ್ಮಿ,

ಹೇಳಬೇಡ. ಈಗಲೂ ಬೇಡ, ಯಾವತ್ತೂ ಬೇಡ.

ಆ ಬಿಲ್ಲೆಗಳನ್ನು ಬದಲಾಯಿಸುವ ರಿಪೇರಿಯವನು ಇಲ್ಲಿದ್ದಾನೆ. ನನ್ನ ಎದೆ ಬದಲಾಯಿಸುವವನಿಲ್ಲ. ಮತ್ತೆ ಫೋಟೊ ತೆಗೆಸಿದೆ. ಡಾಕ್ಟರು ಆರು ತಿಂಗಳ ಮಾತು ಬಿಟ್ಟರು. ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯಬೇಕು, ಇನ್ನು ಊದುವುದೆಲ್ಲಿ?

ಒಂದು ಆಸೆ ಬಂತು, ನಿನ್ನಲ್ಲಿ ಮುಚ್ಚಿಡುವುದಿಲ್ಲ. ವಾದ್ಯ ಕೆಟ್ಟುಹೋಯಿತು, ಇಲ್ಲದಿದ್ದರೆ ಊದಿ ತೋರಿಸುತ್ತಿದ್ದೆ ಅಂದುಬಿಟ್ಟರೆ ನನ್ನ ಮಾನ ಉಳಿಯುತ್ತದೆ. ಊದಲಾರದವನು ಅಂತ ಹೇಳಿಕೊಳ್ಳುವುದು ನಮ್ಮ ಕಸುಬಿನವರಿಗೆ ಎಷ್ಟು ಕಷ್ಟ ಅಂತ ನೀನೂ ವಾಲಗದ ಮನೆಯವಳು, ಬಲ್ಲೆ. ಆದರೆ ಅಡಿಗೆ ಮನೆಯ ಗೋಡೆಯ ಹತ್ತಿರ ನಿಂತು ವಾಪಸು ಹೋದವನ ಮೇಲೆ ಇದನ್ನೂ ಹೊರಿಸಲೇ? ನನ್ನ ಕೈಲಾಗದು.

ದೊಡ್ಡಪ್ಪ


ಬೊಂಬಾಯಿ
೧೮ ನವೆಂಬರ್ ೧೯೭೯

ತಿಮ್ಮ,

ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಈಗ ಬರೆಯುತ್ತಿದ್ದೇನೆ. ಕುರ್ಚಿ ಒಳಗೆ ಖಾಲಿ ಇತ್ತು, ನೀನು ಹೊರಗೆ ನಿಂತಿದ್ದೆ. ಇಬ್ಬರೂ ಮುಠ್ಠಾಳರು ಕಣೋ. ಒಂದು ಕಾರ್ಡು ಹಾಕಿದ್ದರೆ ಹದಿನೆಂಟು ವರ್ಷ ಉಳಿಯುತ್ತಿತ್ತು.

ಈಗ ನಾನು ಹೇಳುವುದನ್ನು ಗಟ್ಟಿ ಮನಸ್ಸು ಮಾಡಿ ಓದು. ನನಗೆ ಉಸಿರು ಹೋಯಿತು. ಬರುತ್ತೇನೆ, ಊದಲಾರೆ. ಮಾತು ಕೊಟ್ಟು ತಪ್ಪಿದೆ ಅಂತ ಬೈಯುವುದಿದ್ದರೆ ಬಂದ ಮೇಲೆ ಬೈ. ಕೆಂಪಯ್ಯನ ಲಾರಿಯಲ್ಲೇ ಬರುತ್ತೇನೆ. ವಾದ್ಯವನ್ನು ಜೋಪಾನವಾಗಿ ತಂದವನು ನನ್ನನ್ನೂ ತಂದಾನು.

ವಾದ್ಯವನ್ನು ಚೆನ್ನಾಗಿ ನೋಡಿಕೊಂಡಿದ್ದೀಯ. ಹಾಗೇ ನೋಡಿಕೊ.

ನಿನ್ನ ಅಣ್ಣ,
ಶ್ರೀರಂಗಯ್ಯ


ದಂಡಿನಶಿವರ
೧೩ ಮಾರ್ಚ್ ೧೯೮೦

ಪುಟ್ಟಲಕ್ಷ್ಮಿಗೆ ನಿಮ್ಮಪ್ಪ ಬರೆಯುವುದು.

ನೀನು ದೊಡ್ಡಪ್ಪನ ತಿಥಿ ಮುಗಿಸಿಕೊಂಡು ಹೋದ ಮೇಲೆ ನಿಮ್ಮವ್ವ ಮೂರು ತಟ್ಟೆ ಹಾಕಿ ಒಂದನ್ನು ತೆಗೆದಿಡುತ್ತಾಳೆ. ಅಣ್ಣ ಈ ಮನೆಯಲ್ಲಿ ಇದ್ದದ್ದು ಎಷ್ಟು ದಿನ? ಆದರೂ ಹುಟ್ಟಿದಾಗಿನಿಂದ ಇಲ್ಲೇ ಇದ್ದವನ ಹಾಗೆ ಆಗಿದೆ.

ಸೂತಕದಲ್ಲಿ ವಾದ್ಯ ಮುಟ್ಟುವ ಹಾಗಿಲ್ಲವಲ್ಲ. ಅದು ಕಳೆದ ಮೇಲೆ ನಿನ್ನೆ ಮಿಂದು, ದೀಪ ಹಚ್ಚಿ, ಅವನ ಪೆಟ್ಟಿಗೆ ತೆಗೆದೆ. ಅವನು ಊದಿದ್ದಂತೂ ಕೇಳಲಿಲ್ಲ. ಆ ವಾದ್ಯದ ದನಿ ಹೇಗಿದೆ ಅಂತಲಾದರೂ ಕೇಳೋಣ ಅನ್ನಿಸಿತು. ತೋಟದಲ್ಲಿ ಅವನು ಬಿಸಿಲು ಕಾಯುತ್ತಿದ್ದ ಕಡೆ ಕೂತೆ. ಅವನ ಚೀಲದಲ್ಲಿ ಹೊಸ ಬಿದಿರ ಪಟ್ಟಿ ಇತ್ತು, ಅದನ್ನು ಹಾಕಿ ಊದಿದೆ. ಉಸಿರು ಹೋಯಿತು, ದನಿ ಬರಲಿಲ್ಲ. ನನಗೆ ಬರುವುದಿಲ್ಲ ಅಂದುಕೊಂಡು ಬಗೆಬಗೆಯಾಗಿ ಊದಿದೆ.

ಹುಟ್ಟಿದ ಲಾಗಾಯ್ತು ಕೊಳವೆಗೆ ಉಸಿರು ತುಂಬಿದವನು ನಾನು. ಉಸಿರು ಹೋಗಬೇಕಾದ ದಾರಿಯಲ್ಲಿ ಹೋಗುತ್ತದೋ ಇಲ್ಲವೋ ಅಂತ ತಿಳಿಯುವುದಿಲ್ಲವೇ? ನಿಮ್ಮವ್ವನಿಗೆ ಊದಲು ಹೇಳಿ ಮುಚ್ಚಳಗಳ ಹತ್ತಿರ ಕೆನ್ನೆ ಇಟ್ಟೆ. ಪ್ರತಿಯೊಂದರಲ್ಲೂ ಗಾಳಿ. ಒಂದನ್ನು ಎತ್ತಿದರೆ ಚರ್ಮ ನೆನೆದ ಹಪ್ಪಳದ ಹಾಗೆ ಬೆರಳಿಗೆ ಬಂತು. ಡೋಲಿನ ಚರ್ಮಕ್ಕೆ ಎಣ್ಣೆ ಕೈ ತಾಗಿಸಿದರೆ ನಮ್ಮಪ್ಪ ಬಾರಿಸುತ್ತಿದ್ದ. ಅದು ನನಗೆ ಗೊತ್ತಿದ್ದದ್ದೇ. ಊದುವುದು ಅಂದ ಕೂಡಲೇ ಮರ ಅಂದುಕೊಂಡೆ, ಎಣ್ಣೆ ಹಾಕಿದೆ. ಚರ್ಮ ಕಣ್ಣ ಮುಂದೆಯೇ ಇತ್ತಲ್ಲವ್ವ.

ಅವನು ಬಂದ ದಿನವೇ ಪೆಟ್ಟಿಗೆ ತಂದು ತೊಡೆಯ ಮೇಲೆ ಇಟ್ಟಿದ್ದೆ. ಮುಚ್ಚಳಗಳು ಏಳದೆ ಅವನು ಉಗುರಿನಲ್ಲಿ ಎಬ್ಬಿಸುತ್ತಿದ್ದ. ಬೆರಳು ಸೋತಿವೆ ಅಂತ ನಾನು ಸಂಕಟಪಟ್ಟೆ. ಅವನು ಅದನ್ನು ತಿರುಗಿಸಿ ನೋಡಿ, "ಚೆನ್ನಾಗ್ ನೋಡ್ಕಂಡಿದ್ದೀಯ ಕಣ್ಲಾ ತಿಮ್ಮ. ನಾನೂ ಇಂಗ್ ನೋಡ್ಕಂಡಿರ್ಲಿಲ್ಲ" ಅಂದ. ಆಮೇಲೆ ಪ್ರತಿ ಶುಕ್ರವಾರ ನಾನು ಎಣ್ಣೆ ಸವರುವಾಗ ಪಕ್ಕದಲ್ಲೇ ಕೂರುತ್ತಿದ್ದ. ಬಟ್ಟೆಯನ್ನು ಅವನೇ ಮಡಿಸಿ ಕೊಡುತ್ತಿದ್ದ.

ಒಂದು ದಿನ ನಾನು ತಡೆಯಲಾರದೆ, "ಒಂದೇ ಉಸ್ರು ಊದಣ್ಣ, ಸಾಕು" ಅಂತ ಕೈ ಮುಗಿದೆ. "ಇಲ್ಲ ಕಣ್ಲಾ, ಬುಡು" ಅಂದ. ನನ್ನ ಮುಖ ನೋಡಲಾರದೆ ಏನೋ, ಬಾಯಲ್ಲೇ ಹಾಡಲು ಶುರು ಮಾಡಿದ. ತೊಡೆಯ ಮೇಲೆ ತಾಳ ಹಾಕಿಕೊಂಡು, ಮಾತಿಲ್ಲದೆ, ಬರೀ ದನಿ. "ಈಗ್ ಬತ್ತದೆ ನೋಡು ಅಪ್ಪಂದು" ಅಂದವನಿಗೆ ಕೆಮ್ಮು ಹತ್ತಿಕೊಂಡಿತು. ನಾನು ಬೆನ್ನು ನೀವಿ, ಸಾಕು ಅಂದೆ. ಅದೇ ನಾನು ಕೇಳಿದ್ದು.

ನೀನೂ ದೀಪಾವಳಿಯಲ್ಲಿ ಪೆಟ್ಟಿಗೆ ತೆಗೆದು ನೋಡಿ ಬಾಯಿ ಮುಚ್ಚಿಕೊಂಡಿದ್ದು ಈಗ ನೆನಪಾಗುತ್ತಿದೆ. ಹೇಳಬೇಡ ಅಂತ ಅವನೇ ಹೇಳಿರಬೇಕು. ನಿನ್ನ ಮೇಲೆ ನನಗೆ ಕೋಪವಿಲ್ಲ.

ಕೋಪ ಇರುವುದು ಅವನ ಮೇಲೆ. ಚಿಕ್ಕಂದಿನಲ್ಲಿ ನಾನು ಸೀವಾಳಿ ಮುರಿದಾಗ ಕೆರೆ ಏರಿಯ ತನಕ ಅಟ್ಟಿಸಿಕೊಂಡು ಬಂದು ಬಡಿದಿದ್ದ. ಆಮೇಲೆ ಹೆಗಲ ಮೇಲೆ ಹೊತ್ತುಕೊಂಡು ಮನೆಗೆ ತಂದ. ಈಗಲೂ ಬಡಿಯಬಹುದಿತ್ತು, ಎಷ್ಟು ವಯಸ್ಸಾದರೂ ನಾನು ಅವನ ತಮ್ಮನೇ ತಾನೆ? ನೆಂಟರ ಮನೆಯಲ್ಲಿ ಅನ್ನ ಸೀದಿದ್ದರೂ ಚೆನ್ನಾಗಿದೆ ಅಂತ ಉಂಡು ಏಳುತ್ತಾರಲ್ಲ, ಹಾಗೆ ಎದ್ದು ಹೋದ. ತಮ್ಮ ಅಂತ ಒಂದು ಸಲ ಬೈದು ಹೋಗಬಾರದಿತ್ತೇನವ್ವ?

ನಿಮ್ಮಪ್ಪ,
ಸಣ್ಣತಿಮ್ಮಯ್ಯ